ಸೂರಕ್ಕಿ: ಹೆಣ್ಣನ್ನು ಗುರುತಿಸುವುದು ಹೇಗೆ?

ವಿಜಯನಗರದ ಹಳೆಯ ಮನೆಗಳ ಕಾಂಪೌಂಡಿನಲ್ಲಿ ದಾಸವಾಳ ಅರಳಿದ್ದರೆ ಸೂರಕ್ಕಿ ಬಂದೇ ಬರುತ್ತದೆ. ಹತ್ತು ಸೆಂಟಿಮೀಟರಿನಷ್ಟು ಉದ್ದದ ದೇಹ, ಬಾಗಿದ ಕೊಕ್ಕು, ಒಂದೆಡೆ ನಿಲ್ಲದ ಚಡಪಡಿಕೆ. ಇದನ್ನೇ ಹಮ್ಮಿಂಗ್ ಬರ್ಡ್ ಎನ್ನುವವರುಂಟು. ಆ ಹಕ್ಕಿಗಳಿರುವುದು ಅಮೆರಿಕ ಖಂಡಗಳಲ್ಲಿ ಮಾತ್ರ.

ಬೆಂಗಳೂರಿನಲ್ಲಿ ಕಾಣಸಿಗುವ ಸೂರಕ್ಕಿಗಳು ಮುಖ್ಯವಾಗಿ ಮೂರು ಬಗೆ. ಇಂಗ್ಲಿಷ್ ಪುಸ್ತಕಗಳು ಇವನ್ನು ಪರ್ಪಲ್, ಪರ್ಪಲ್ ರಂಪ್ಡ್, ಲೋಟೆನ್ಸ್ ಎನ್ನುತ್ತವೆ. ಗಂಡುಗಳನ್ನು ಗುರುತಿಸುವುದು ಅಷ್ಟೇನೂ ಕಷ್ಟವಲ್ಲ. ಪರ್ಪಲ್ ದೂರಕ್ಕೆ ಕಪ್ಪು, ಬಿಸಿಲು ಬಿದ್ದರೆ ನೇರಳೆ. ಪರ್ಪಲ್ ರಂಪ್ಡ್‌ನ ಹೊಟ್ಟೆ ಹಳದಿ, ಬೆನ್ನು ಕಡುಗೆಂಪು. ಲೋಟೆನ್ಸ್‌ಗೆ ಎದೆಯ ಮೇಲೆ ಕಡುಗೆಂಪು ಪಟ್ಟಿ, ಹೊಟ್ಟೆ ಕಂದು. ಹದಿನೆಂಟನೇ ಶತಮಾನದಲ್ಲಿ ಸಿಂಹಳದ ಡಚ್ ಗವರ್ನರನಾಗಿದ್ದ ಲೋಟೆನ್‌ನ ಹೆಸರನ್ನು ಲಿನೇಯಸ್ 1766ರಲ್ಲಿ ಈ ಹಕ್ಕಿಗೆ ಇಟ್ಟ.

ತೊಡಕೆಲ್ಲ ಹೆಣ್ಣುಗಳದು. ಮೂರಕ್ಕೂ ಬೆನ್ನು ಮಾಸಲು ಕಂದು, ಹೊಟ್ಟೆ ಹಳದಿ. ಮೊದಲು ಗಂಟಲು ನೋಡಬೇಕು. ಅದು ಬೂದುಬಿಳುಪಾಗಿದ್ದು, ಎದೆಯಿಂದ ಹಳದಿ ಶುರುವಾದರೆ ಪರ್ಪಲ್ ರಂಪ್ಡ್. ಗಂಟಲಿನಿಂದಲೇ ಹಳದಿಯಿದ್ದರೆ ಉಳಿದೆರಡರಲ್ಲಿ ಒಂದು. ಅಲ್ಲಿಂದ ಮುಂದೆ ಬಣ್ಣ ಕೈಕೊಡುತ್ತದೆ. ಕೊಕ್ಕೇ ಗತಿ. ಲೋಟೆನ್ಸ್‌ನ ಕೊಕ್ಕು ತಲೆಗೆ ಹೋಲಿಸಿದರೆ ಅತಿ ಎನ್ನುವಷ್ಟು ಉದ್ದ, ಕುಡುಗೋಲಿನಂತೆ ಬಾಗಿರುತ್ತದೆ. ಸಾಲದೆಂಬಂತೆ ಪರ್ಪಲ್ ಗಂಡು ಮರಿ ಮಾಡುವ ಕಾಲ ಮುಗಿದ ಮೇಲೆ ಹೆಣ್ಣಿನ ವೇಷ ತೊಡುತ್ತದೆ. ಗಂಟಲಿನಿಂದ ಎದೆಯ ನಡುವೆ ಇಳಿಯುವ ಕಪ್ಪು ಗೆರೆ ಅದರ ಗುಟ್ಟು ಬಿಟ್ಟುಕೊಡುತ್ತದೆ.

ಇಷ್ಟು ಕೂದಲು ಸೀಳುವುದೇಕೆ ಎನ್ನಬಹುದು. ದೇಶದ 942 ಬಗೆಯ ಹಕ್ಕಿಗಳ ಸ್ಥಿತಿಗತಿ ಅಳೆದ 2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿಗೆ ಆಧಾರ, 30 ಸಾವಿರಕ್ಕೂ ಹೆಚ್ಚು ಪಕ್ಷಿವೀಕ್ಷಕರು ಬರೆದಿಟ್ಟ ಪಟ್ಟಿಗಳು. ಅಂದಾಜಿನಲ್ಲಿ ಬರೆದ ಹೆಸರು ಒಂದು ಹಕ್ಕಿಯನ್ನು ಹೆಚ್ಚಿಸಿ ಇನ್ನೊಂದನ್ನು ಅಳಿಸುತ್ತದೆ. ಕೊಕ್ಕು ಕಾಣದಿದ್ದರೆ ಬರೀ ‘ಸೂರಕ್ಕಿ’ ಎಂದು ಬರೆದರೂ ಅದು ಸರಿಯಾದ ದಾಖಲೆಯೇ.

ಸೂರಕ್ಕಿಯೆಂದು ಮೋಸಹೋಗುವ ಇನ್ನೊಂದು ಹಕ್ಕಿ ಬದನಿಕೆ. ಮರಗಳ ಮೇಲೆ ಬೆಳೆಯುವ ಬದನಿಕೆ ಗಿಡದ ಹಣ್ಣು ತಿನ್ನುವುದರಿಂದ ಹಕ್ಕಿಗೂ ಅದೇ ಹೆಸರು. ಸೂರಕ್ಕಿಗಿಂತಲೂ ಚಿಕ್ಕದು, ಎಂಟು ಸೆಂಟಿಮೀಟರ್ ಅಷ್ಟೆ. ಮೈ ಬೂದು, ಬಾಲ ಮೋಟು. ನಸುಗೆಂಪು ಕೊಕ್ಕು ಗಿಡ್ಡ, ಬಾಗೂ ಕಡಿಮೆ. ಬೀದಿಬದಿಯ ಗಸಗಸೆ ಮರದಲ್ಲಿ ಹಣ್ಣಾದಾಗ ‘ಟಿಕ್ ಟಿಕ್’ ಎಂದು ಬಿಡದೆ ಕೂಗುತ್ತಿರುವುದು ಬಹುತೇಕ ಇದೇ.