ಬ್ಯಾಗ್ ಕಟ್ಟುವ ಮೊದಲು ಟಿಕೆಟ್ ಓದಿ: ಗಲ್ಫ್, ಉಮ್ರಾ ಪ್ರಯಾಣಿಕರಿಗೆ ಲಗೇಜಿನ ಲೆಕ್ಕ

ಮಂಗಳೂರು ಅಥವಾ ಕಣ್ಣೂರು ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರ್ ಮುಂದೆ ಸ್ವಲ್ಪ ಹೊತ್ತು ನಿಂತರೆ ಸಾಕು, ಈ ದೃಶ್ಯ ಕಾಣಲು ಸಿಗುತ್ತದೆ. ರಜೆ ಮುಗಿಸಿ ದುಬೈಗೋ ದಮ್ಮಾಮ್‌ಗೋ ಹೊರಟ ಹುಡುಗನ ಎರಡು ಪೆಟ್ಟಿಗೆಗಳ ತೂಕ 33 ಕಿಲೋ, ಟಿಕೆಟ್‌ನಲ್ಲಿ ಇರುವುದು 25. ಹಿಂದೆ ಉದ್ದ ಸಾಲು. ಕೌಂಟರ್‌ನವರು "ದುಡ್ಡು ಕಟ್ಟಿ, ಇಲ್ಲದಿದ್ದರೆ ಎಂಟು ಕಿಲೋ ಕಡಿಮೆ ಮಾಡಿ" ಎನ್ನುತ್ತಾರೆ. ಉಮ್ಮ ರಾತ್ರಿಯಿಡೀ ಕೂತು ಕಟ್ಟಿದ ಪೆಟ್ಟಿಗೆಯನ್ನು ಅಲ್ಲೇ ನೆಲದ ಮೇಲೆ ಬಿಚ್ಚಬೇಕು. ಒಣಮೀನು, ಹಲ್ವ, ಕುಚ್ಚಲಕ್ಕಿ, ತೆಂಗಿನೆಣ್ಣೆ ಎಲ್ಲ ಹೊರಗೆ ಬರುತ್ತದೆ. ಬಿಡಲು ಬಂದವರು ಹೊರಗಿದ್ದರೆ ಅವರ ಕೈಗೆ ವಾಪಸ್, ಅವರೂ ಹೋಗಿಯಾಗಿದ್ದರೆ ಅಲ್ಲೇ ಬಿಟ್ಟು ನಡೆಯಬೇಕು.

ತಪ್ಪು ಉಮ್ಮನದ್ದಲ್ಲ, ಹುಡುಗನದ್ದೂ ಪೂರ್ತಿ ಅಲ್ಲ. "ಗಲ್ಫ್ ಅಂದ್ರೆ 30 ಕಿಲೋ" ಎಂಬುದು ನಮ್ಮಲ್ಲಿ ಬಾಯಿಂದ ಬಾಯಿಗೆ ಬಂದ ಲೆಕ್ಕ. ಈಗ ಅದು ಎಲ್ಲ ಟಿಕೆಟಿಗೂ ಸರಿ ಹೊಂದುವುದಿಲ್ಲ.

ಒಂದೇ ವಿಮಾನ, ಬೇರೆ ಬೇರೆ ಲಗೇಜ್

ಮೊದಲೆಲ್ಲ ಟಿಕೆಟ್ ದರದ ಒಳಗೇ ಲಗೇಜ್ ಸೇರಿರುತ್ತಿತ್ತು. ಈಗ ಕಡಿಮೆ ದರದ ಕಂಪನಿಗಳು ಸೀಟು, ಊಟ, ಲಗೇಜ್ ಎಲ್ಲವನ್ನೂ ಬೇರೆ ಬೇರೆ ಮಾಡಿ ಮಾರುತ್ತವೆ. ಒಂದೇ ವಿಮಾನದಲ್ಲಿ ಪಕ್ಕಪಕ್ಕ ಕೂತವರಲ್ಲಿ ಒಬ್ಬರಿಗೆ 30 ಕಿಲೋ, ಇನ್ನೊಬ್ಬರಿಗೆ 20, ಮತ್ತೊಬ್ಬರಿಗೆ ಕೈಚೀಲ ಮಾತ್ರ ಇರಬಹುದು. 2024ರಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ 'ಲೈಟ್' ಎಂಬ ಹೆಸರಿನಲ್ಲಿ ಚೆಕ್-ಇನ್ ಲಗೇಜ್ ಇಲ್ಲದ ಟಿಕೆಟ್ ಶುರು ಮಾಡಿತು. ಮೊಬೈಲ್‌ನಲ್ಲಿ ಹುಡುಕುವಾಗ ಎಲ್ಲಕ್ಕಿಂತ ಮೇಲೆ ಕಾಣುವ ಅಗ್ಗದ ದರ ಹೆಚ್ಚಾಗಿ ಇಂಥದ್ದೇ. ಸಾವಿರ ರೂಪಾಯಿ ಉಳಿಯಿತು ಎಂದು ಖುಷಿಪಟ್ಟವರು ಕೌಂಟರ್‌ನಲ್ಲಿ ಅದರ ಹಲವು ಪಟ್ಟು ಕಟ್ಟಿದ್ದುಂಟು.

ಹಾಗಾಗಿ ಟಿಕೆಟ್ ಕೈಗೆ ಬಂದ ಕೂಡಲೇ 'ಬ್ಯಾಗೇಜ್' ಎಂಬ ಸಾಲು ಹುಡುಕಿ. '30 ಕೆ' ಅಥವಾ '30 ಕೆಜಿ' ಎಂದಿದ್ದರೆ ಒಟ್ಟು ತೂಕ 30 ಕಿಲೋ. '1 ಪಿಸಿ', '2 ಪಿಸಿ' ಎಂದಿದ್ದರೆ ಅದು ಪೆಟ್ಟಿಗೆಗಳ ಸಂಖ್ಯೆ. ಒಂದೊಂದಕ್ಕೆ ಎಷ್ಟು ಕಿಲೋ ಎಂದು ಬೇರೆ ನೋಡಬೇಕು, ಸಾಮಾನ್ಯವಾಗಿ 23 ಕಿಲೋ ಇರುತ್ತದೆ. '0 ಪಿಸಿ' ಅಥವಾ 'ನಿಲ್' ಎಂದಿದ್ದರೆ ಕೈಚೀಲ ಬಿಟ್ಟು ಏನೂ ಇಲ್ಲ. ಹೋಗುವ ಮತ್ತು ಬರುವ ಟಿಕೆಟ್ ಎರಡರಲ್ಲೂ ನೋಡಿ, ಎರಡೂ ಒಂದೇ ಆಗಿರಬೇಕೆಂದಿಲ್ಲ. ಟ್ರಾವೆಲ್ಸ್‌ನವರು ಟಿಕೆಟ್ ಮಾಡಿಸಿದ್ದರೆ ವಾಟ್ಸಾಪ್‌ನಲ್ಲಿ ಬಂದ ವಿಮಾನದ ಸಮಯ ಮಾತ್ರ ಸಾಲದು, ಪೂರ್ತಿ ಇ-ಟಿಕೆಟ್ ಕೇಳಿ ಪಡೆಯಿರಿ.

ಮುಂಬೈ ಮೇಲೆ ಹೋಗುವವರಿಗೆ ಒಂದು ಮಾತು

ಮಂಗಳೂರಿನಿಂದ ಮುಂಬೈ ಅಥವಾ ಬೆಂಗಳೂರಿಗೆ ಹೋಗಿ, ಅಲ್ಲಿಂದ ಜಿದ್ದಾ, ರಿಯಾದ್ ವಿಮಾನ ಹತ್ತುವವರು ಬಹಳ. ಎರಡೂ ಪ್ರಯಾಣ ಒಂದೇ ಟಿಕೆಟ್‌ನಲ್ಲಿ, ಒಂದೇ ಪಿಎನ್‌ಆರ್‌ನಲ್ಲಿ ಇದ್ದರೆ ಸಾಮಾನ್ಯವಾಗಿ ಅಂತಾರಾಷ್ಟ್ರೀಯ ಪ್ರಯಾಣದ ಲಗೇಜ್ ಮಿತಿಯೇ ಊರಿನಿಂದ ಅನ್ವಯಿಸುತ್ತದೆ. ಎರಡು ಬೇರೆ ಬೇರೆ ಟಿಕೆಟ್ ಮಾಡಿದ್ದರೆ ಮಂಗಳೂರು–ಮುಂಬೈ ಒಂದು ದೇಶೀಯ ಪ್ರಯಾಣ ಮಾತ್ರ, ಅದಕ್ಕೆ ಸಾಮಾನ್ಯ ಮಿತಿ 15 ಕಿಲೋ. ಮುಂದಿನ ವಿಮಾನದಲ್ಲಿ 30 ಕಿಲೋ ಇದ್ದರೂ ಇಲ್ಲಿ 15 ಕಿಲೋಗೆ ದುಡ್ಡು ಕಟ್ಟಬೇಕಾಗುತ್ತದೆ. ಮುಂಬೈಯಲ್ಲಿ ಲಗೇಜ್ ಇಳಿಸಿಕೊಂಡು ಮತ್ತೆ ಚೆಕ್-ಇನ್ ಮಾಡುವ ಕೆಲಸ ಬೇರೆ. ಬೇರೆ ಬೇರೆ ಟಿಕೆಟ್ ಅಗ್ಗ ಎಂದು ಕಂಡಾಗ ಈ ಖರ್ಚನ್ನೂ ಕೂಡಿಸಿ ನೋಡಿ.

ಹೆಚ್ಚಿನ ತೂಕಕ್ಕೆ ಮನೆಯಿಂದಲೇ ದುಡ್ಡು ಕಟ್ಟಿ

ಹೆಚ್ಚುವರಿ ಲಗೇಜಿಗೆ ಎರಡು ದರ ಇದೆ. ವೆಬ್‌ಸೈಟ್ ಅಥವಾ ಆ್ಯಪ್‌ನಲ್ಲಿ ಮೊದಲೇ 5 ಕಿಲೋ, 10 ಕಿಲೋ ಎಂದು ಕೊಂಡರೆ ಒಂದು ದರ, ವಿಮಾನ ನಿಲ್ದಾಣದಲ್ಲಿ ಕಿಲೋ ಲೆಕ್ಕದಲ್ಲಿ ಕಟ್ಟಿದರೆ ಇನ್ನೊಂದು. ಎರಡನೆಯದು ಯಾವತ್ತೂ ದುಬಾರಿ. ಮೊದಲೇ ಕೊಳ್ಳುವ ಅವಕಾಶ ವಿಮಾನ ಹೊರಡುವ ಕೆಲವು ಗಂಟೆ ಮೊದಲೇ ಮುಚ್ಚುತ್ತದೆ. ಹೊರಡುವ ಹಿಂದಿನ ದಿನವೇ ಪೆಟ್ಟಿಗೆ ತೂಗಿ, ಬೇಕಾದಷ್ಟು ಕಿಲೋ ಕೊಂಡುಬಿಡಿ. ಕೈಯಲ್ಲಿ ಹಿಡಿದು ತೂಗುವ ಸಣ್ಣ ಡಿಜಿಟಲ್ ತಕ್ಕಡಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದೂ ಇಲ್ಲದಿದ್ದರೆ ಮನೆಯ ತೂಕದ ಯಂತ್ರದ ಮೇಲೆ ಒಮ್ಮೆ ನೀವು ನಿಲ್ಲಿ, ಮತ್ತೆ ಪೆಟ್ಟಿಗೆ ಹಿಡಿದುಕೊಂಡು ನಿಲ್ಲಿ, ವ್ಯತ್ಯಾಸ ನೋಡಿ. ಖಾಲಿ ಸೂಟ್‌ಕೇಸೇ ನಾಲ್ಕೈದು ಕಿಲೋ ಇರುತ್ತದೆ ಎಂಬುದೂ ನೆನಪಿರಲಿ.

ದುಡ್ಡು ಕಟ್ಟಿದರೂ ಮೀರಲಾಗದ ಒಂದು ಮಿತಿ ಇದೆ. ಒಂದೇ ಪೆಟ್ಟಿಗೆ 32 ಕಿಲೋ ದಾಟಬಾರದು. ಅದನ್ನು ಎತ್ತಿ ಇಳಿಸುವ ಕಾರ್ಮಿಕರ ಬೆನ್ನಿನ ರಕ್ಷಣೆಗೆ ಜಗತ್ತಿನ ಹೆಚ್ಚಿನ ಕಡೆ ಪಾಲಿಸುವ ನಿಯಮ ಇದು. ಒಟ್ಟು 40 ಕಿಲೋ ಇದ್ದರೆ ಎರಡು ಪೆಟ್ಟಿಗೆ ಮಾಡಲೇಬೇಕು. ಕುಟುಂಬದವರು ಒಂದೇ ಪಿಎನ್‌ಆರ್‌ನಲ್ಲಿ ಇದ್ದರೆ ಹಲವು ಕಂಪನಿಗಳು ಎಲ್ಲರ ತೂಕ ಒಟ್ಟು ಸೇರಿಸಿ ಲೆಕ್ಕ ಮಾಡುತ್ತವೆ. ಆದರೆ ಎಷ್ಟು ಪೆಟ್ಟಿಗೆ ಎಂಬುದಕ್ಕೂ ಮಿತಿ ಇರುತ್ತದೆ, ಕೇಳಿಕೊಳ್ಳಿ.

ಹಗ್ಗ ಕಟ್ಟಿದ ಪೆಟ್ಟಿಗೆ

ಪ್ಲಾಸ್ಟಿಕ್ ಹಗ್ಗ ಸುತ್ತಿ, ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು ಬರೆದ ರಟ್ಟಿನ ಪೆಟ್ಟಿಗೆ ಗಲ್ಫ್ ಮನೆಗಳ ಗುರುತು. ಆದರೆ ಹಗ್ಗದ ತುದಿ, ಬಟ್ಟೆಯ ಗಂಟು ಇವೆಲ್ಲ ಲಗೇಜ್ ಸಾಗಿಸುವ ಬೆಲ್ಟಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ದುಬೈ ವಿಮಾನ ನಿಲ್ದಾಣ 2017ರ ಮಾರ್ಚ್‌ನಿಂದಲೇ ದುಂಡಗಿನ, ಒಂದು ಬದಿಯಾದರೂ ಚಪ್ಪಟೆ ಇಲ್ಲದ ಲಗೇಜನ್ನು ಹಾಗೆಯೇ ಸ್ವೀಕರಿಸುವುದನ್ನು ನಿಲ್ಲಿಸಿದೆ. ಜಿದ್ದಾದಲ್ಲಿಯೂ ಹಗ್ಗ ಬಿಗಿದ, ಬಟ್ಟೆಯಲ್ಲಿ ಕಟ್ಟಿದ ಗಂಟುಗಳನ್ನು ತಡೆಯುತ್ತಾರೆ. ಗಟ್ಟಿ ಪೆಟ್ಟಿಗೆಗೆ ಅಗಲದ ಟೇಪ್ ಹಾಕಿದರೆ ಸಾಕು.

ಕೈಚೀಲ ಅಂದರೆ ಒಂದೇ ಚೀಲ

ಇಕಾನಮಿ ಪ್ರಯಾಣಿಕರಿಗೆ ಭಾರತದ ಕಂಪನಿಗಳಲ್ಲಿ ಕೈಚೀಲದ ಮಿತಿ ಸಾಮಾನ್ಯವಾಗಿ 7 ಕಿಲೋ. "ಬ್ಯಾಗ್ ಒಂದು, ಲ್ಯಾಪ್‌ಟಾಪ್ ಒಂದು, ಡ್ಯೂಟಿ ಫ್ರೀ ಕವರ್ ಒಂದು" ಎಂಬ ಹಳೆಯ ರೂಢಿ ಈಗ ಕಷ್ಟ. ಅಂತಾರಾಷ್ಟ್ರೀಯ ವಿಮಾನದಲ್ಲಿ ಕೈಚೀಲದೊಳಗಿನ ದ್ರವ ಪದಾರ್ಥ ಒಂದೊಂದು ಬಾಟಲಿಗೆ 100 ಮಿಲಿ ಮೀರಬಾರದು. ಉಪ್ಪಿನಕಾಯಿ, ತುಪ್ಪ, ಎಣ್ಣೆ, ಅತ್ತರ್ ಬಾಟಲಿ ಎಲ್ಲ ಇದರಲ್ಲೇ ಬರುತ್ತದೆ. ಅವನ್ನು ಸರಿಯಾಗಿ ಸೀಲ್ ಮಾಡಿ ದೊಡ್ಡ ಪೆಟ್ಟಿಗೆಗೆ ಹಾಕಿ.

ಪವರ್ ಬ್ಯಾಂಕ್ ಮಾತ್ರ ಇದಕ್ಕೆ ತದ್ವಿರುದ್ಧ. ಅದು ಕೈಚೀಲದಲ್ಲೇ ಇರಬೇಕು, ದೊಡ್ಡ ಪೆಟ್ಟಿಗೆಯಲ್ಲಿ ಇದ್ದರೆ ಸ್ಕ್ಯಾನಿಂಗ್‌ನಲ್ಲಿ ತಡೆದು ನಿಮ್ಮನ್ನು ಕರೆಯುತ್ತಾರೆ. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಕ್ಯಾಬಿನ್‌ನಲ್ಲಾದರೆ ಸಿಬ್ಬಂದಿ ನಂದಿಸಬಹುದು, ಕೆಳಗಿನ ಲಗೇಜ್ ಕೋಣೆಯಲ್ಲಾದರೆ ಕೈಗೆ ಸಿಗುವುದಿಲ್ಲ. ಮಿತಿ 100 ವ್ಯಾಟ್-ಅವರ್. 20,000 ಎಂಎಎಚ್ ಪವರ್ ಬ್ಯಾಂಕ್ ಅಂದರೆ ಸುಮಾರು 74 ವ್ಯಾಟ್-ಅವರ್, ತೊಂದರೆ ಇಲ್ಲ. 30,000 ಎಂಎಎಚ್ ಆದರೆ 111, ಅದಕ್ಕೆ ಕಂಪನಿಯ ಅನುಮತಿ ಬೇಕು. ಎಮಿರೇಟ್ಸ್‌ನಲ್ಲಿ 2025ರ ಅಕ್ಟೋಬರ್ 1ರಿಂದ ಒಬ್ಬರಿಗೆ ಒಂದೇ ಪವರ್ ಬ್ಯಾಂಕ್, ವಿಮಾನದೊಳಗೆ ಅದನ್ನು ಬಳಸುವಂತೆಯೂ ಇಲ್ಲ.

ಕೊಬ್ಬರಿ, ಗಸಗಸೆ, ವೀಳ್ಯದೆಲೆ

ಒಣ ಕೊಬ್ಬರಿ ನಮಗೆ ಅಡುಗೆ ಸಾಮಾನು, ವಿಮಾನದ ನಿಯಮದಲ್ಲಿ ಅದು ಅಪಾಯಕಾರಿ ವಸ್ತು. ಎಣ್ಣೆಯ ಅಂಶ ಹೆಚ್ಚಿರುವುದರಿಂದ ತಾನಾಗಿಯೇ ಬಿಸಿಯಾಗಿ ಬೆಂಕಿ ಹತ್ತುವ ಸಾಧ್ಯತೆ ಇದೆ. ಅದನ್ನು ಕಟ್ಟಬೇಡಿ. ಮಸಾಲೆಗೆ ಹಾಕುವ ಗಸಗಸೆ ಯುಎಇ, ಸೌದಿ, ಕತಾರ್‌ಗಳಲ್ಲಿ ನಿಷಿದ್ಧ. ಅದು ಮಾದಕ ಪದಾರ್ಥದ ಲೆಕ್ಕಕ್ಕೆ ಬರುತ್ತದೆ, ದಂಡವಲ್ಲ, ಜೈಲೇ ಆಗಬಹುದು. ಗರಂ ಮಸಾಲೆ ಮನೆಯಲ್ಲಿ ಪುಡಿ ಮಾಡಿ ಕಳಿಸುವಾಗ ಇದನ್ನು ಹೇಳಿಬಿಡಿ. ವೀಳ್ಯದೆಲೆ, ಪಾನ್ ಸಾಮಗ್ರಿಗೆ ಯುಎಇ ಕಸ್ಟಮ್ಸ್ ಬಿಡುವುದಿಲ್ಲ. ನೋವು, ನಿದ್ದೆ, ಕೆಮ್ಮಿನ ಕೆಲವು ಔಷಧಿಗಳಿಗೂ ಅಲ್ಲಿ ಮೊದಲೇ ಅನುಮತಿ ಬೇಕು. ಯಾವ ಔಷಧಿ ಇದ್ದರೂ ವೈದ್ಯರ ಚೀಟಿ ಜೊತೆಗಿರಲಿ.

ಇನ್ನೊಬ್ಬರ ಪಾರ್ಸೆಲ್ ವಿಷಯ ಎಲ್ಲಕ್ಕಿಂತ ದೊಡ್ಡದು. "ಮೋನೆ, ಇದೊಂದು ಸಣ್ಣ ಪೊಟ್ಟಣ, ಅಲ್ಲಿ ನನ್ನ ಅಳಿಯ ಬಂದು ತಗೊಳ್ತಾನೆ" ಎಂದು ಪರಿಚಯದವರು ಕೇಳಿದರೆ ಇಲ್ಲ ಎನ್ನುವುದು ನಮ್ಮ ಊರಲ್ಲಿ ಕಷ್ಟ. 2019ರಲ್ಲಿ ಮುಂಬೈಯ ದಂಪತಿ ಸಂಬಂಧಿಕರು ಕೊಟ್ಟ ಪೊಟ್ಟಣ ಹಿಡಿದುಕೊಂಡು ದೋಹಾದಲ್ಲಿ ಇಳಿದರು. ಅದರಲ್ಲಿ ಚರಸ್ ಇತ್ತು. ಹತ್ತು ವರ್ಷದ ಶಿಕ್ಷೆಯಾಗಿ, ಮಗುವೂ ಜೈಲಿನಲ್ಲೇ ಹುಟ್ಟಿ, ನಿರ್ದೋಷಿಗಳೆಂದು ಬಿಡುಗಡೆಯಾಗಿ ಊರಿಗೆ ಮರಳುವಾಗ 2021 ಬಂದಿತ್ತು. ಕೊಟ್ಟವರ ಎದುರಲ್ಲೇ ಪೊಟ್ಟಣ ಬಿಚ್ಚಿ ನೋಡಿ, ನೀವೇ ಮತ್ತೆ ಕಟ್ಟಿ. ಬಿಚ್ಚಲು ಒಪ್ಪದಿದ್ದರೆ ತೆಗೆದುಕೊಳ್ಳಬೇಡಿ. ಇದರಲ್ಲಿ ದಾಕ್ಷಿಣ್ಯ ಬೇಡ.

ಝಂಝಂ ತರುವಾಗ

ಉಮ್ರಾ ಮುಗಿಸಿ ಬರುವವರು ಝಂಝಂ ನೀರನ್ನು ಬಾಟಲಿಗೆ ತುಂಬಿ ಸೂಟ್‌ಕೇಸ್ ಒಳಗೆ ಇಡಬೇಡಿ, ಸೌದಿ ವಿಮಾನ ನಿಲ್ದಾಣಗಳಲ್ಲಿ ಅದಕ್ಕೆ ಅವಕಾಶವಿಲ್ಲ. ಸ್ಕ್ಯಾನಿಂಗ್‌ನಲ್ಲಿ ಕಂಡರೆ ತೆಗೆಸುತ್ತಾರೆ, ಒಡೆದರೆ ಬಟ್ಟೆಯೆಲ್ಲ ಒದ್ದೆ. ನಿಲ್ದಾಣದ ಅಧಿಕೃತ ಮಾರಾಟ ಕೇಂದ್ರದಲ್ಲಿ ಸಿಗುವ 5 ಲೀಟರ್‌ನ ಪ್ಯಾಕ್ ಮಾಡಿದ ಪೆಟ್ಟಿಗೆ ಮಾತ್ರ ತನ್ನಿ, ಒಬ್ಬರಿಗೆ ಒಂದು. ಹಲವು ಕಂಪನಿಗಳು ಇದನ್ನು ಲಗೇಜ್ ಲೆಕ್ಕಕ್ಕೆ ಹಿಡಿಯುವುದಿಲ್ಲ, ಎಲ್ಲವೂ ಹಾಗಲ್ಲ. ಗ್ರೂಪಿನ ಅಮೀರ್ ಅಥವಾ ಟ್ರಾವೆಲ್ಸ್‌ನವರಲ್ಲಿ ಹೊರಡುವ ಮೊದಲೇ ಕೇಳಿ.

ಪೆಟ್ಟಿಗೆ ಬಾರದಿದ್ದರೆ

ಬೆಲ್ಟ್ ನಿಂತಿತು, ನಿಮ್ಮ ಪೆಟ್ಟಿಗೆ ಬರಲಿಲ್ಲ. "ನಾಳೆ ಫೋನ್ ಮಾಡುವ" ಎಂದು ಹೊರಗೆ ಬರಬೇಡಿ. ಅಲ್ಲೇ ಕಂಪನಿಯ ಲಗೇಜ್ ಕೌಂಟರ್‌ನಲ್ಲಿ ದೂರು ಬರೆಸಿ. ಆ ಕಾಗದಕ್ಕೆ ಪಿಐಆರ್ ಎನ್ನುತ್ತಾರೆ. ಅದರ ನಂಬರ್, ಬೋರ್ಡಿಂಗ್ ಪಾಸ್, ಲಗೇಜ್ ಟ್ಯಾಗಿನ ತುಂಡು ಇಟ್ಟುಕೊಳ್ಳಿ. ಭಾರತ ಮತ್ತು ಗಲ್ಫ್ ದೇಶಗಳು ಒಪ್ಪಿರುವ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಪೆಟ್ಟಿಗೆ ಒಡೆದಿದ್ದರೆ, ಸಾಮಾನು ಹಾಳಾಗಿದ್ದರೆ 7 ದಿನದೊಳಗೆ ಲಿಖಿತ ದೂರು ಕೊಡಬೇಕು. ತಡವಾಗಿ ಬಂದಿದ್ದರೆ ಅದು ಕೈಗೆ ಸಿಕ್ಕಿದ 21 ದಿನದೊಳಗೆ. 21 ದಿನವಾದರೂ ಬರದಿದ್ದರೆ ಕಳೆದುಹೋಯಿತು ಎಂದು ಪರಿಹಾರ ಕೇಳಬಹುದು. ಒಪ್ಪಂದದಲ್ಲಿ ಪರಿಹಾರದ ಗರಿಷ್ಠ ಮಿತಿ 2024ರ ಡಿಸೆಂಬರ್ 28ರಿಂದ 1,519 ಎಸ್‌ಡಿಆರ್, ಅಂದರೆ ಒಂದೂವರೆ ಲಕ್ಷ ರೂಪಾಯಿಗಿಂತ ಹೆಚ್ಚು. ಅದು ಮಿತಿ ಮಾತ್ರ, ನಷ್ಟ ಎಷ್ಟೆಂದು ನೀವು ತೋರಿಸಬೇಕು. ಆದ್ದರಿಂದ ಪೆಟ್ಟಿಗೆ ಮುಚ್ಚುವ ಮೊದಲು ಒಳಗಿರುವುದರ ಒಂದು ಫೋಟೋ ತೆಗೆದಿಡಿ. ಚಿನ್ನ, ದುಡ್ಡು, ಪಾಸ್‌ಪೋರ್ಟ್, ಸರ್ಟಿಫಿಕೇಟ್, ದಿನದ ಔಷಧಿ ಯಾವತ್ತೂ ಕೈಚೀಲದಲ್ಲೇ ಇರಲಿ.

ಮನೆಯವರು ಪೆಟ್ಟಿಗೆಗೆ ಹಾಕುವ ಸಾಮಾನನ್ನು ಬೇಡ ಎನ್ನುವುದು ಯಾರಿಗೂ ಸುಲಭವಲ್ಲ. ಆದರೆ ಎಷ್ಟು ಕಿಲೋ ಇದೆ ಎಂದು ಎರಡು ದಿನ ಮೊದಲೇ ಉಮ್ಮನಿಗೆ ಹೇಳಿದರೆ ಯಾವುದು ಹೋಗಬೇಕು, ಯಾವುದು ಉಳಿಯಬೇಕು ಎಂದು ಅವರೇ ಆರಿಸಿ ಕೊಡುತ್ತಾರೆ. ವಿಮಾನ ನಿಲ್ದಾಣದ ನೆಲದ ಮೇಲೆ ಕೂತು ಆರಿಸುವುದಕ್ಕಿಂತ ಅದು ಎಷ್ಟೋ ಒಳ್ಳೆಯದು.