ಪ್ರತಿ ಉಳಿದರೆ ಕೃತಿ ಉಳಿದೀತು

ಪುಸ್ತಕ ನಿಷೇಧದ ಸುದ್ದಿ ಬಂದಾಗಲೆಲ್ಲ ಲೇಖಕರ ಸ್ವಾತಂತ್ರ್ಯದ ಬಗ್ಗೆ ಚರ್ಚೆಯಾಗುತ್ತದೆ. ಆಗಲೇಬೇಕು. ಆದರೆ ಕಾನೂನು ನೇರವಾಗಿ ಕೈಹಾಕುವುದು ಪುಸ್ತಕದ ಪ್ರತಿಗಳಿಗೆ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 95ನೇ ಕಲಮಿನಲ್ಲಿದ್ದ, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 98ನೇ ಕಲಮಿಗೆ ಬಂದಿರುವ ಅಧಿಕಾರದಂತೆ, ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿದರೆ ಆ ಪುಸ್ತಕದ ಪ್ರತಿಗಳೆಲ್ಲ ಮುಟ್ಟುಗೋಲಾಗುತ್ತವೆ. ದೇಶದಲ್ಲಿ ಎಲ್ಲಿ ಕಂಡರೂ ಪೊಲೀಸರು ವಶಪಡಿಸಿಕೊಳ್ಳಬಹುದು. ಪಿ.ವಿ. ನಾರಾಯಣ ಅವರ ‘ಧರ್ಮಕಾರಣ’ ಕಾದಂಬರಿಗೆ 1997ರಲ್ಲಿ ಹೀಗಾಯಿತು. 2007ರಲ್ಲಿ ಸುಪ್ರೀಂ ಕೋರ್ಟ್ ಆ ಮುಟ್ಟುಗೋಲನ್ನು ಎತ್ತಿಹಿಡಿಯಿತು. ಮಾರಾಟದ ಮಾತು ಅಲ್ಲಿಗೆ ಮುಗಿಯಿತು, ಸರಿ. ನಾಳೆ ಅದನ್ನು ಓದಿ ತೂಗಿ ನೋಡಬೇಕಾದ ಸಂಶೋಧಕರಿಗೆ ಒಂದು ಪ್ರತಿಯಾದರೂ ಎಲ್ಲಿ ಸಿಗಬೇಕು?

ಈ ಪ್ರಶ್ನೆ ಕನ್ನಡಕ್ಕೆ ಹೊಸದಲ್ಲ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ರಕ್ತ ಹರಿದು ಶರಣರು ಚದುರಿಹೋದಾಗ ವಚನದ ಕಟ್ಟುಗಳನ್ನು ಉಳವಿಯತ್ತ ಹೊತ್ತೊಯ್ದರೆಂಬುದು ಪರಂಪರೆಯ ನಂಬಿಕೆ. ಆ ಕಥೆಯಲ್ಲಿ ಇತಿಹಾಸವೆಷ್ಟೇ ಇರಲಿ, ವಚನಗಳು ಉಳಿದದ್ದು ಊರೂರಿನಲ್ಲಿ ನಡೆದ ಪ್ರತಿ ಮಾಡುವ ಕೆಲಸದಿಂದ. ಕಂಠವೆಂಬ ಲೋಹದ ಲೇಖನಿಯಿಂದ ಗರಿಯ ಮೇಲೆ ಅಕ್ಷರ ಕೊರೆದು, ಮಸಿ ಸವರಿ ಒರೆಸಿ, ತೂತಿಗೆ ದಾರ ಪೋಣಿಸಿ, ಎರಡು ಹಲಗೆಗಳ ನಡುವೆ ಬಿಗಿದು ಕಟ್ಟಿದ ಓಲೆಗರಿಗೂ ಆಯಸ್ಸು ಇಷ್ಟೇ ಎಂದಿದೆ. ಹುಳು ಹಿಡಿಯುವ ಮೊದಲೇ ಇನ್ನೊಬ್ಬರು ಕೂತು ಹೊಸ ಗರಿಗೆ ಇಳಿಸಬೇಕಿತ್ತು. ಹದಿನೈದನೇ ಶತಮಾನದಲ್ಲಿ, ಪ್ರೌಢದೇವರಾಯನ ಕಾಲದ ವಿಜಯನಗರದಲ್ಲಿ ಸಂಕಲನದ ದೊಡ್ಡ ಕೆಲಸ ನಡೆಯಿತು. ಆಮೇಲೆ ಮಠಗಳ ಗೂಡುಗಳಲ್ಲಿ, ಮನೆಗಳ ಅಟ್ಟಗಳಲ್ಲಿ ಕಟ್ಟುಗಳು ಕೂತವು. ಅವನ್ನು ಹುಡುಕಿ ತಂದು, 1923ರಲ್ಲಿ ‘ವಚನಶಾಸ್ತ್ರ ಸಾರ’ ಪ್ರಕಟಿಸಿ, ಮನೆ ಮಾರಿ ಮುದ್ರಣಾಲಯ ನಡೆಸಿದವರು ಫ.ಗು. ಹಳಕಟ್ಟಿ. ಎಲ್ಲ ಕಟ್ಟುಗಳೂ ಒಂದೇ ಭಂಡಾರದಲ್ಲಿ ಇದ್ದಿದ್ದರೆ ಒಂದು ಬೆಂಕಿ ಸಾಕಾಗುತ್ತಿತ್ತು, ಹಳಕಟ್ಟಿಯವರಿಗೆ ಹುಡುಕಲು ಏನೂ ಸಿಗುತ್ತಿರಲಿಲ್ಲ.

ಹಾಗಾದರೆ ನೋವುಂಟುಮಾಡುವ, ತಿರುಚಿದ ಪುಸ್ತಕವನ್ನೂ ಕಾಪಾಡಬೇಕೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಮಾತೆ ಮಹಾದೇವಿಯವರ ‘ವಚನ ದೀಪ್ತಿ’ಯಲ್ಲಿ ಬಸವಣ್ಣನವರ ‘ಕೂಡಲಸಂಗಮದೇವ’ ಅಂಕಿತದ ಜಾಗಕ್ಕೆ ‘ಲಿಂಗದೇವ’ ಬಂದಿತ್ತು. 1998ರಲ್ಲಿ ಸರ್ಕಾರ ಅದನ್ನು ನಿಷೇಧಿಸಿತು, 2017ರಲ್ಲಿ ಸುಪ್ರೀಂ ಕೋರ್ಟ್ ನಿಷೇಧವನ್ನು ಒಪ್ಪಿತು. ಅಂಕಿತ ಬದಲಾಗಿದೆ ಎಂದು ಜನ ಖಚಿತವಾಗಿ ಹೇಳಲು ಸಾಧ್ಯವಾದದ್ದು ಹಳೆಯ ಪಾಠ ನೂರಾರು ಕಡೆ ಉಳಿದಿದ್ದರಿಂದ. ನಿಷೇಧ ಬೇಕೆಂದವರ ಕೈಯಲ್ಲಿದ್ದ ಸಾಕ್ಷ್ಯವೂ ಉಳಿಸಿಟ್ಟ ಪ್ರತಿಯೇ. ಮುಂದಿನವರು ಈ ವಿವಾದವನ್ನು ಅರಿಯಬೇಕಾದರೆ ತಿದ್ದಿದ ಪಾಠವೂ ಎಲ್ಲೋ ಒಂದೆಡೆ ಇರಬೇಕು. ಬ್ರಿಟಿಷ್ ಸರ್ಕಾರ ತಾನು ನಿಷೇಧಿಸಿದ ಭಾರತೀಯ ಪುಸ್ತಕಗಳ ಪ್ರತಿಗಳನ್ನು ಲಂಡನ್ನಿನ ಗ್ರಂಥಾಲಯಗಳಲ್ಲಿ ಇಟ್ಟಿತು. ಸ್ವಾತಂತ್ರ್ಯ ಹೋರಾಟದ ಇತಿಹಾಸಕಾರರು ಇವತ್ತು ಅವನ್ನೇ ಓದುತ್ತಾರೆ. ಮಾರಾಟ ನಿಂತರೂ ಅಧ್ಯಯನಕ್ಕೆಂದು ಪ್ರತಿಗಳನ್ನು ಕಾದಿಡುವ ಏರ್ಪಾಟನ್ನು ನಮ್ಮ ಸರ್ಕಾರವೂ ಮಾಡಬೇಕು. ಇಂಟರ್‌ನೆಟ್ ಇರುವಾಗ ಯಾವುದೂ ಅಳಿಯುವುದಿಲ್ಲ ಎಂಬ ಮಾತನ್ನು ನಾನು ಒಪ್ಪಲಾರೆ. ಕಡತವೊಂದನ್ನು ಒಂದು ಆದೇಶದಿಂದ ಎಲ್ಲರ ಕಣ್ಣಿಂದ ಮರೆಮಾಡಬಹುದು. ಸ್ಕ್ಯಾನ್ ಆಗದ ಕನ್ನಡ ಪುಸ್ತಕಗಳ ಮಾತಂತೂ ಬೇರೆಯೇ.

ಪ್ರತಿಯ ಬೆಲೆ ತಿಳಿಯಲು ನಮ್ಮ ಕಡೆಯ ಶಾಸನಗಳನ್ನೇ ನೋಡಿ. ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳನ್ನು ಶಾಸನತಜ್ಞ ಬಿ.ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7ನೇ ಸಂಪುಟದಲ್ಲೂ ಜಗಳೂರಿನವನ್ನು 11ನೇ ಸಂಪುಟದಲ್ಲೂ ಅಚ್ಚು ಮಾಡಿಸಿದರು. ಈಗ ನ್ಯಾಮತಿ ತಾಲ್ಲೂಕಿಗೆ ಸೇರಿದ ಬೆಳಗುತ್ತಿಯ ಶಾಸನಗಳು ಆಗ ಹೊನ್ನಾಳಿಯ ಲೆಕ್ಕದಲ್ಲಿದ್ದವು. ಅಳಿಸಿದವರಿಗೆ ಶಾಪ ಬರೆಸಿಕೊಂಡ ಕಲ್ಲಿಗೂ ಕಾಗದದ ಪ್ರತಿ ಬೇಕಾಯಿತು ಎಂದಮೇಲೆ ಗರಿಯ ಪಾಡೇನು! ಈ ನಾಲ್ಕು ತಾಲ್ಲೂಕುಗಳ ಮಠ, ಮನೆಗಳಲ್ಲಿ ಹಳೆಯ ಕಟ್ಟುಗಳಿದ್ದರೆ ಓದಲು ಬಾರದೆಂದು ಹೊಳೆಗೆ ಬಿಡಬೇಡಿ. ಹಂಪಿ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗದವರಿಗೆ ತಿಳಿಸಿ. ಕಟ್ಟು ನಿಮ್ಮಲ್ಲೇ ಇರಲಿ, ಪ್ರತಿ ಮಾತ್ರ ಇನ್ನೊಂದು ಕಡೆಗೂ ಹೋಗಲಿ.