ಹೊಸ ಷೇರು ಅಗ್ಗವೇಕೆ? ಬೆರಗುಗೊಳಿಸುವ ಲೆಕ್ಕ!

2019ರ ಅಕ್ಟೋಬರ್ 14. ಐಆರ್‌ಸಿಟಿಸಿ ಎಂಬ ಸರ್ಕಾರಿ ರೈಲ್ವೆ ಟಿಕೆಟ್ ಕಂಪನಿ ಷೇರುಪೇಟೆಗೆ ಕಾಲಿಟ್ಟ ದಿನ. 320 ರೂಪಾಯಿಗೆ ಹಂಚಿದ್ದ ಷೇರು ಬೆಳಿಗ್ಗೆಯೇ 640 ದಾಟಿತು, ವಹಿವಾಟು ಮುಗಿಯುವಾಗ 728! ಹಾಗಾದರೆ ಸರ್ಕಾರ ಅದನ್ನು 320ಕ್ಕೇ ಕೊಟ್ಟದ್ದೇಕೆ? ಬೆಲೆ ಕಟ್ಟಿದವರಿಗೆ ಲೆಕ್ಕ ಬರುವುದಿಲ್ಲವೇ?

ಚೆನ್ನಾಗಿಯೇ ಬರುತ್ತದೆ! ಹೊಸ ಷೇರುಗಳು ಅಗ್ಗವಾಗಿರುವುದಕ್ಕೆ ಕೆವಿನ್ ರಾಕ್ ಎಂಬ ಅರ್ಥಶಾಸ್ತ್ರಜ್ಞ 1986ರಲ್ಲಿ ಕೊಟ್ಟ ಕಾರಣ ಓದಿದರೆ ಮೈ ಜುಮ್ಮೆನ್ನುತ್ತದೆ.

ಐಆರ್‌ಸಿಟಿಸಿಗೆ ಬಂದ ಬೇಡಿಕೆ ಸುಮಾರು 112 ಪಟ್ಟು. ಅರ್ಜಿ ಹಾಕಿದ ಬಹುಪಾಲು ಜನರಿಗೆ ಒಂದು ಲಾಟ್ (ಅರ್ಜಿ ಹಾಕಬಹುದಾದ ಕನಿಷ್ಠ ಷೇರುಗಳ ಕಟ್ಟು) ಕೂಡ ಸಿಗಲಿಲ್ಲ. 2021ರಲ್ಲಿ ಬಂದ ಮೊಬೈಲ್ ಪಾವತಿ ಕಂಪನಿ ಪೇಟಿಎಂನ ಷೇರಿಗೆ ಎರಡು ಪಟ್ಟೂ ಬೇಡಿಕೆ ಇರಲಿಲ್ಲ. ಷೇರು ಸಲೀಸಾಗಿ ಸಿಕ್ಕಿತು, ಮೊದಲ ದಿನವೇ 2150ರಿಂದ 1564ಕ್ಕೆ ಕುಸಿಯಿತು! ರಾಕ್ ಹೇಳಿದ್ದು ಇದನ್ನೇ: ಒಳ್ಳೆಯ ಷೇರಿಗೆ ಕಂಪನಿಯ ನಿಜ ಬೆಲೆ ಬಲ್ಲವರೆಲ್ಲ ಮುಗಿಬೀಳುತ್ತಾರೆ. ಅವರು ಬೇಡವೆಂದದ್ದು ಪೂರ್ತಿ ನಮ್ಮ ಪಾಲಿಗೆ.

ಈಗ ಲೆಕ್ಕ ನೋಡಿ. ಎರಡು ಕಂಪನಿ, ಒಂದರ ಷೇರು 20 ರೂಪಾಯಿ ಏರುತ್ತದೆ, ಇನ್ನೊಂದರದು 20 ಇಳಿಯುತ್ತದೆ. ನೀವು ಎರಡಕ್ಕೂ ನೂರು ನೂರು ಷೇರಿಗೆ ಅರ್ಜಿ ಹಾಕುತ್ತೀರಿ. ಒಳ್ಳೆಯದರಲ್ಲಿ ಸಿಕ್ಕಿದ್ದು 25, ಕೆಟ್ಟದರಲ್ಲಿ ನೂರಕ್ಕೆ ನೂರು. ಲಾಭ 500, ನಷ್ಟ 2000! ಹೀಗಾದರೆ ಸಾಮಾನ್ಯ ಹೂಡಿಕೆದಾರ ಮತ್ತೆ ಐಪಿಒ (ಹೊಸ ಷೇರು ಹಂಚಿಕೆ) ಕಡೆ ತಲೆ ಹಾಕುತ್ತಾನೆಯೇ? ಅವನಿಲ್ಲದೆ ಷೇರು ಪೂರ್ತಿ ಮಾರಾಟವಾಗದು. ಆದ್ದರಿಂದ ಎರಡರ ಬೆಲೆಯನ್ನೂ 12 ರೂಪಾಯಿ ಇಳಿಸಬೇಕು. ಆಗ 25 ಷೇರಿಗೆ 32ರಂತೆ 800 ಲಾಭ, ನೂರು ಷೇರಿಗೆ 8ರಂತೆ 800 ನಷ್ಟ. ಸರಿಗೆ ಸರಿ!

ಅಚ್ಚರಿ ಇರುವುದು ಇಲ್ಲೇ. ಹೊರಗಿನಿಂದ ನೋಡುವವನಿಗೆ ಹೊಸ ಷೇರು ಸರಾಸರಿ 12 ರೂಪಾಯಿ ಏರಿದಂತೆ ಕಾಣುತ್ತದೆ. ನಿಮ್ಮ ಜೇಬಿಗೆ ಬಿದ್ದದ್ದು ಸೊನ್ನೆ! ಇದು ಬರೀ ಹಾಳೆಯ ಮೇಲಿನ ಮಾತಲ್ಲ. ಲಾಟರಿ ಎತ್ತಿ ಷೇರು ಹಂಚುತ್ತಿದ್ದ ಸಿಂಗಪುರದಲ್ಲಿ ಕೋ ಮತ್ತು ವಾಲ್ಟರ್ ಎಂಬ ಸಂಶೋಧಕರು ಲೆಕ್ಕ ಹಾಕಿ 1989ರಲ್ಲಿ ಪ್ರಕಟಿಸಿದರು: ಮೊದಲ ದಿನದ ಸರಾಸರಿ ಏರಿಕೆ ಶೇ 27, ಷೇರು ಸಿಗುವ ಸಾಧ್ಯತೆಯನ್ನೂ ಸೇರಿಸಿದರೆ ಉಳಿದದ್ದು ಶೇ 1!

ಆದ್ದರಿಂದ ಮೊದಲ ದಿನದ ‘ಲಿಸ್ಟಿಂಗ್ ಲಾಭ’ದ ಸುದ್ದಿಗೆ ಮರುಳಾಗಬೇಡಿ. ಕಣ್ಣುಮುಚ್ಚಿ ಎಲ್ಲದಕ್ಕೂ ಅರ್ಜಿ ಹಾಕುವವರಿಗೆ ಆ ಅಗ್ಗದ ಬೆಲೆ ನಷ್ಟವನ್ನಷ್ಟೇ ತುಂಬಿಕೊಡುತ್ತದೆ. ಲಾಭ ಬೇಕೆಂದರೆ ಕಂಪನಿಯ ಪ್ರಾಸ್ಪೆಕ್ಟಸ್ ಓದಿ, ಬಲ್ಲವರ ಸಾಲಿಗೆ ಸೇರಿ.